ರೆಸಿನ್ ನಂದಿಗೆ ಹಿತ್ತಾಳೆಯ ಕಳೆ ಬರುತ್ತಿಲ್ಲ, ಏನು ಮಾಡಲಿ?

ಮಂಡ್ಯದವನು:
ಎಲ್ಲರಿಗೂ ನಮಸ್ಕಾರ. ನವರಾತ್ರಿಗೆ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ಈ ಸಲ ಅಮ್ಮನಿಗೆ ಗೇಣುದ್ದದ ನಂದಿ ಮಾಡಿಕೊಡಬೇಕು. ಚಾಮುಂಡಿ ಬೆಟ್ಟದ ನಂದಿಯನ್ನು ನೋಡಿಕೊಂಡು ಜೇಡಿಮಣ್ಣಿನಲ್ಲಿ ಮಾಡಿ, ಸಿಲಿಕೋನ್ ಅಚ್ಚು ತೆಗೆದಿದ್ದೇನೆ. ಕೊರಳ ಗೆಜ್ಜೆ ಒಂದೊಂದೂ ಸ್ಪಷ್ಟವಾಗಿ ಮೂಡಿದೆ. ಆದರೆ ಬಣ್ಣದಂಗಡಿಯ ಗೋಲ್ಡ್ ಪೌಡರನ್ನು ಎಪಾಕ್ಸಿಗೆ (ಹಾರ್ಡ್ನರ್ ಬೆರೆಸಿದರೆ ಗಟ್ಟಿಯಾಗುವ ದ್ರವ ರೆಸಿನ್) ಕಲಸಿ ಹೊಯ್ದರೆ ಬರೀ ಬಂಗಾರದ ಬಣ್ಣದ ಪ್ಲಾಸ್ಟಿಕ್ ಆಗುತ್ತದೆ. ಎಷ್ಟು ತಿಕ್ಕಿದರೂ ಹೊಳಪಿಲ್ಲ. ಪುಡಿ ಇನ್ನೂ ಜಾಸ್ತಿ ಹಾಕಬೇಕಾ? ಕೈಗೆ ಒಳ್ಳೆ ತೂಕವೂ ಸಿಗಬೇಕು ಅಂತ ಆಸೆ.

ಅಚ್ಚಿನಮನೆ, ಮೈಸೂರು:
ಜಾಸ್ತಿ ಹಾಕಿ ಪ್ರಯೋಜನವಿಲ್ಲ, ನಿಮಗೆ ಬೇರೆ ಪುಡಿಯೇ ಬೇಕು. ಗೋಲ್ಡ್ ಪೌಡರ್ ಎಂದು ಕೊಡುವುದು ಹೆಚ್ಚಾಗಿ ಬಣ್ಣ ಹಚ್ಚಿದ ಕಾಗೆಬಂಗಾರ, ಅಂದರೆ ಮೈಕಾ. ಅದರಲ್ಲಿ ಲೋಹವೇ ಇಲ್ಲ, ತಿಕ್ಕಿದರೆ ಏನು ಹೊಳೆಯಬೇಕು? ನಿಜವಾದ ಹಿತ್ತಾಳೆ ಅಥವಾ ಕಂಚಿನ ಪುಡಿ ಕೇಳಿ. ಅಟೊಮೈಸ್ಡ್, 325 ಮೆಶ್ ಎಂದು ಹೇಳಿ, ಅಂದರೆ ತುಂಬಾ ನುಣ್ಣಗಿನ ಪುಡಿ. ಚಿಕ್ಕ ಪೊಟ್ಟಣವೂ ಕೈಗೆ ಭಾರ ಅನ್ನಿಸುತ್ತದೆ, ಅದೇ ಗುರುತು.

ಇಡೀ ನಂದಿಗೆ ಪುಡಿ ತುಂಬಬೇಡಿ, ಸುಮ್ನೆ ದುಡ್ಡು ದಂಡ. ಲೋಹ ಬೇಕಾಗಿರುವುದು ಮೈಮೇಲೆ ಮಾತ್ರ. ಒಣ ಅಚ್ಚಿನೊಳಗೆ ಮೆತ್ತನೆ ಬ್ರಷ್‌ನಿಂದ ಪುಡಿ ಸವರಿ, ಗೆಜ್ಜೆಯ ಸಂದುಗಳಿಗೂ ಹೋಗಲಿ. ಹೆಚ್ಚಾದದ್ದನ್ನು ತಟ್ಟಿ ತೆಗೆಯಿರಿ. ಆಮೇಲೆ ಲೋಟದ ಅಳತೆಯಲ್ಲಿ ಒಂದು ಪಾಲು ರೆಸಿನ್, ಒಂದು ಪಾಲು ಪುಡಿ. ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಹಾರ್ಡ್ನರ್ ಲೆಕ್ಕ ರೆಸಿನ್‌ಗೆ ಮಾತ್ರ, ಪುಡಿಯ ತೂಕ ಸೇರಿಸಬೇಡಿ. ಇಲ್ಲಿ ತುಂಬಾ ಜನ ಎಡವುತ್ತಾರೆ.

ಕಂಚು ರೆಸಿನ್‌ಗಿಂತ ಏಳೆಂಟು ಪಟ್ಟು ಭಾರ, ಹಿತ್ತಾಳೆಯೂ ಹಾಗೇ. ಬಿಟ್ಟರೆ ಪುಡಿಯೆಲ್ಲ ತಳಕ್ಕೆ ಇಳಿದುಬಿಡುತ್ತದೆ. ನಿಮ್ಮ ಅಚ್ಚಿನಲ್ಲಿ ನಂದಿ ತಲೆಕೆಳಗಾಗಿರುತ್ತದೆ ಅಲ್ವಾ? ಹಾಗಾಗಿ ತಲೆ, ಡುಬ್ಬ ಹೊಳೆದು ಹೊಟ್ಟೆಯ ಪಕ್ಕ ಮಂಕಾಗುತ್ತದೆ. ಅದಕ್ಕೇ ಈ ಮಿಶ್ರಣವನ್ನು ಅಚ್ಚಿನೊಳಗೆ ತೆಳುವಾಗಿ ಹಚ್ಚಿ, ಅದು ಅಂಟುಅಂಟಾಗುವವರೆಗೆ ಅಚ್ಚನ್ನು ತಿರುಗಿಸುತ್ತಲೇ ಇರಿ. ಬೇಸರದ ಕೆಲಸ ನಿಜ, ಆದರೆ ಎರಕದ ಚೆಂದ ನಿಂತಿರುವುದೇ ಇಲ್ಲಿ. ಆಮೇಲೆ ಒಳಗೆ ಕಪ್ಪು ಅಥವಾ ಕಂದು ಬಣ್ಣ ಬೆರೆಸಿದ ಸಾದಾ ರೆಸಿನ್ ತುಂಬಿ. ತೂಕಕ್ಕೆ ಚೆನ್ನಾಗಿ ಒಣಗಿಸಿದ ಮರಳು ಸಾಕು. ಎಪಾಕ್ಸಿ ಒಟ್ಟಿಗೆ ಜಾಸ್ತಿ ಹೊಯ್ದರೆ ತುಂಬಾ ಬಿಸಿಯಾಗುತ್ತದೆ, ಎರಡು ಮೂರು ಸಲಕ್ಕೆ ಹೊಯ್ಯಿರಿ.

ಅಚ್ಚಿನಿಂದ ತೆಗೆದಾಗ ಮಣ್ಣುಬಣ್ಣಕ್ಕೆ ಇರುತ್ತದೆ, ಗಾಬರಿ ಬೇಡ. ಲೋಹದ ಮೇಲೆ ರೆಸಿನ್ನಿನ ತೆಳು ಪೊರೆ ಕೂತಿರುತ್ತದೆ, ಅಷ್ಟೇ. ಪೂರ್ತಿ ಗಟ್ಟಿಯಾದ ಮೇಲೆ 0000 ನಂಬರಿನ (ಅತಿ ನಯವಾದ) ಸ್ಟೀಲ್ ವೂಲ್‌ನಿಂದ ತಿಕ್ಕಿ, ಹಿತ್ತಾಳೆ ಬೆಳಗುತ್ತಾ ಬರುತ್ತದೆ. ನೀರು ಬೆರೆಸಿದ ಕಪ್ಪು ಅಕ್ರಿಲಿಕ್ ಬಣ್ಣ ಬಳಿದು ತಕ್ಷಣ ಒರೆಸಿ. ಸಂದುಗಳಲ್ಲಿ ಕಪ್ಪು ಉಳಿದರೆ ಗೆಜ್ಜೆ ಎದ್ದು ಕಾಣುತ್ತದೆ. ಕೊನೆಗೆ ಮೇಣ.

ಚಿತ್ರಶಾಲೆ:
ಒಂದು ಮಾತು ಸೇರಿಸುತ್ತೇನೆ. ಪುಡಿ ಸವರುವಾಗ ಫ್ಯಾನ್ ಆರಿಸಿ, ಮಾಸ್ಕ್ ಹಾಕಿ. ರೆಸಿನ್ ಕಲಸುವಾಗ ಕಿಟಕಿ ತೆರೆದಿರಲಿ, ಗ್ಲೌಸ್ ಇರಲಿ. ಹಿತ್ತಾಳೆ ಬದಲು ಎಂದಾದರೂ ಅಲ್ಯೂಮಿನಿಯಂ ಪುಡಿ ಬಳಸಿದರೆ ಅದರ ಧೂಳಿಗೆ ಬೆಂಕಿ ಬೇಗ ಹತ್ತುತ್ತದೆ, ಒಲೆ ದೀಪದ ಹತ್ತಿರ ಅದನ್ನು ಮುಟ್ಟಲೇಬೇಡಿ. ಮುಂದೆ ಎಂದಾದರೂ ಫೈಬರ್ ಕೆಲಸದ ಪಾಲಿಯೆಸ್ಟರ್ ರೆಸಿನ್‌ಗೆ ಹೋದರೆ ಮೊದಲು ಚಿಕ್ಕ ಕಪ್‌ನಲ್ಲಿ ಕಲಸಿ ನೋಡಿ. ತಾಮ್ರ, ಹಿತ್ತಾಳೆ ಪುಡಿ ಬಿದ್ದರೆ ಅದು ಕೆಲವೊಮ್ಮೆ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಮಂಡ್ಯದವನು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಅಣ್ಣ. ಹಿತ್ತಾಳೆ ಪುಡಿಯೇ ತರಿಸುತ್ತೇನೆ. ಅಮ್ಮ ಹಬ್ಬಕ್ಕೆ ಎಲ್ಲ ಹಿತ್ತಾಳೆ ಸಾಮಾನಿಗೂ ಹುಣಸೆಹಣ್ಣು ಹಾಕಿ ಬೆಳಗುತ್ತಾರೆ. ಇದಕ್ಕೂ ನಡೆಯುತ್ತದಾ?

ಅಚ್ಚಿನಮನೆ, ಮೈಸೂರು:
ಮೇಲಿರುವುದು ಹಿತ್ತಾಳೆಯೇ, ಬೆಳಗುತ್ತದೆ. ಆದರೆ ಪದರ ತೆಳು, ಸಂದಿನ ಕಪ್ಪೂ ಹೋಗಬಹುದು. ಒಣ ಬಟ್ಟೆಯಲ್ಲಿ ಒರೆಸಿ, ವರ್ಷಕ್ಕೊಮ್ಮೆ ಮೇಣ ಹಚ್ಚಿದರೆ ಸಾಕು ಎಂದು ಅಮ್ಮನಿಗೆ ಹೇಳಿ. ಗೊಂಬೆ ಮೆಟ್ಟಿಲಲ್ಲಿ ದೀಪದಿಂದ ದೂರ ಇಡಿ, ಬಿಸಿ ತಾಗಿದರೆ ಎಪಾಕ್ಸಿ ಮೆತ್ತಗಾಗುತ್ತದೆ. ಮುಗಿದ ಮೇಲೆ ಫೋಟೊ ಹಾಕಿ, ಆ ಗೆಜ್ಜೆ ನೋಡಬೇಕು.