ಭಾರ ಎತ್ತುವ ಕಸರತ್ತಿನಲ್ಲಿ ‘ತೀವ್ರತೆ’ ಸರಿಯಾದ ಪದವೇ?

ಎಲ್ಲರಿಗೂ ನಮಸ್ಕಾರ.

ಶಿರಸಿಯಲ್ಲಿ ಕಬಡ್ಡಿ, ವಾಲಿಬಾಲ್ ಆಡುವ ಹುಡುಗ ಹುಡುಗಿಯರಿಗಾಗಿ ಕಾಲು-ಸೊಂಟದ ಕಸುವು ಬೆಳೆಸುವ ಕಸರತ್ತಿನ ಬಗ್ಗೆ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬರವಣಿಗೆ ನಿಂತುಬಿಟ್ಟಿದೆ. ‘ಇಂಟೆನ್ಸಿಟಿ’ಗೆ ಎಲ್ಲರೂ ‘ತೀವ್ರತೆ’ ಎಂದೇ ಬರೆಯುತ್ತಾರೆ. ಆಗ ನಾನು ಹೇಳಬೇಕಾದ ಮುಖ್ಯ ಮಾತು ಹೀಗಾಗುತ್ತದೆ: ‘ಸರಳು ಮೇಲೇರುವ ವೇಗ ಕಡಿಮೆಯಾದಷ್ಟೂ ತೀವ್ರತೆ ಜಾಸ್ತಿ.’ (ಸರಳು ಎಂದರೆ ಭಾರ ಸಿಕ್ಕಿಸಿ ಎತ್ತುವ ಕಬ್ಬಿಣದ ಕಂಬಿ, ಬಾರ್‌ಬೆಲ್.) ಓದಿದ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಕನ್ನಡದಲ್ಲಿ ತೀವ್ರ ಎಂದರೆ ಚುರುಕು ಎಂದೂ ಆಗುತ್ತದೆ, ಅಲ್ವಾ? ‘ಕಾಮಗಾರಿ ತೀವ್ರಗತಿಯಲ್ಲಿ ಸಾಗಿದೆ’ ಎನ್ನುವಾಗ ಇರುವುದು ಅದೇ ಅರ್ಥ.

ವಿಷಯ ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರ. ಭಾರ ಎತ್ತುವ ತರಬೇತಿಯಲ್ಲಿ ಇಂಟೆನ್ಸಿಟಿ ಎಂದರೆ ಬೆವರು, ಏದುಸಿರು ಅಲ್ಲ. ಒಬ್ಬರು ಒಂದೇ ಒಂದು ಸಲ ಎತ್ತಬಲ್ಲ ಅತಿ ಹೆಚ್ಚಿನ ಭಾರ ಎಂದು ಒಂದಿರುತ್ತದೆ. ಈಗ ಎತ್ತುತ್ತಿರುವ ಭಾರ ಅದಕ್ಕೆ ಎಷ್ಟು ಹತ್ತಿರ ಎನ್ನುವ ಲೆಕ್ಕವೇ ಇಂಟೆನ್ಸಿಟಿ. 100 ಕಿಲೋ ಹೊತ್ತು ಸ್ಕ್ವಾಟ್ (ಹೆಗಲ ಮೇಲೆ ಭಾರವಿಟ್ಟು ಕುಕ್ಕರಿಸಿ ಏಳುವುದು) ಮಾಡಬಲ್ಲವರಿಗೆ 80 ಕಿಲೋ ಎಂದರೆ ಶೇ. 80. ತೊಂದರೆ ಏನೆಂದರೆ ಆ 100 ಎಲ್ಲ ದಿನವೂ 100 ಆಗಿರುವುದಿಲ್ಲ. ನಿದ್ದೆಗೆಟ್ಟರೆ, ಹಿಂದಿನ ದಿನ ಪಂದ್ಯ ಆಡಿದ್ದರೆ ಇಳಿಯುತ್ತದೆ. ಆದ್ದರಿಂದ ಸರಳು ಮೇಲೇರುವ ವೇಗ ನೋಡುತ್ತಾರೆ. ಸರಳಿಗೆ ದಾರ ಸಿಕ್ಕಿಸುವ ಸಣ್ಣ ಯಂತ್ರವೋ, ಮೊಬೈಲ್ ವಿಡಿಯೊ ನೋಡಿ ಲೆಕ್ಕ ಹಾಕುವ ಆ್ಯಪೋ ಇದ್ದರೆ ಸಾಕು, ಸೆಕೆಂಡಿಗೆ ಎಷ್ಟು ಮೀಟರ್ ಎಂದು ಗೊತ್ತಾಗುತ್ತದೆ. ಭಾರ ಏರಿದಂತೆ ವೇಗ ಹೆಚ್ಚು ಕಡಿಮೆ ನೇರ ಗೆರೆಯಲ್ಲಿ ಇಳಿಯುತ್ತದೆ. ಸ್ಪೇನಿನ ಸಂಶೋಧಕರಾದ ಗೊನ್ಸಾಲೆಸ್-ಬಡಿಯೊ ಮತ್ತು ಸಾಂಚೆಸ್-ಮೆದೀನಾ 2010ರಲ್ಲಿ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಎದೆಯಿಂದ ಭಾರವನ್ನು ಮೇಲಕ್ಕೆ ತಳ್ಳುವುದು) ಇಟ್ಟುಕೊಂಡು ಇದನ್ನು ತೋರಿಸಿದರು. ಕಾಲಿನ ಕಸರತ್ತಿಗೆ ಅಂಕಿಗಳು ಬೇರೆ. ಸ್ಕ್ವಾಟ್‌ನಲ್ಲಿ ಮಿತಿಯ ಭಾರ ಸೆಕೆಂಡಿಗೆ ಸುಮಾರು 0.3 ಮೀಟರ್ ವೇಗದಲ್ಲಿ ಏರುತ್ತದೆ. ಬೆಂಚ್ ಪ್ರೆಸ್‌ನಲ್ಲಿ ಅದರ ಅರ್ಧದಷ್ಟು. ಆಳಿನಿಂದ ಆಳಿಗೆ ವ್ಯತ್ಯಾಸವೂ ಇದೆ.

ಇದಕ್ಕೊಂದು ಕರಾರು ಇದೆ. ಪ್ರತಿ ಸಲವೂ ಮೈಯಲ್ಲಿರುವ ಬಲವನ್ನೆಲ್ಲ ಹಾಕಿ, ಆದಷ್ಟು ಬೇಗ ಎದ್ದು ನಿಲ್ಲಬೇಕು. ಬೇಕಂತಲೇ ನಿಧಾನ ಎದ್ದರೆ ಅಂಕಿಗೆ ಬೆಲೆ ಇಲ್ಲ. ಕುಮಟಾ ಕಡೆಯಿಂದ ದೇವಿಮನೆ ಘಟ್ಟ ಹತ್ತುವ ಲೋಡ್ ಲಾರಿಯನ್ನು ನೆನೆಸಿಕೊಳ್ಳಿ. ಚಾಲಕ ಆಕ್ಸಿಲರೇಟರ್ ಪೂರ್ತಿ ಒತ್ತಿರುತ್ತಾನೆ, ಲಾರಿ ಮಾತ್ರ ತೆವಳುತ್ತಿರುತ್ತದೆ. ಪೂರ್ತಿ ಒತ್ತಿದ್ದಾನೆ ಎಂದು ಖಾತ್ರಿ ಇದ್ದರೆ ಮಾತ್ರ ಆ ವೇಗ ನೋಡಿ ಲೋಡ್ ಎಷ್ಟೆಂದು ಅಂದಾಜು ಮಾಡಬಹುದು.

ಇಲ್ಲಿಯೇ ನನ್ನ ಕಷ್ಟ ಇರುವುದು. ಹಾಕುವ ಬಲ, ಕಾಣುವ ವೇಗ, ಮಿತಿಗೆ ಎಷ್ಟು ಹತ್ತಿರ ಎನ್ನುವುದು, ಈ ಮೂರಕ್ಕೂ ಬೇರೆ ಬೇರೆ ಪದ ಬೇಕು. ನಮ್ಮ ಆಡುಮಾತಿನಲ್ಲಿ ಇವೆಲ್ಲ ಬೆರೆತುಹೋಗಿವೆ. ಜೋರು ಮಳೆ, ಜೋರು ಓಟ. ಬಿರುಸು ಗಾಳಿ, ಬಿರುಸಿನ ನಡಿಗೆ. ರಭಸವೂ ಹಾಗೆಯೇ. ಗಟ್ಟಿಯಾದ ಪದ ಯಾವುದನ್ನು ಎತ್ತಿಕೊಂಡರೂ ಒಳಗೆ ವೇಗ ಕೂತಿರುತ್ತದೆ. ಬೇರೆ ಕಡೆ ಇದು ಸೊಗಸು. ಇಲ್ಲಿ ಮಾತ್ರ ಅರ್ಥವನ್ನೇ ತಿರುಗಿಸಿಬಿಡುತ್ತದೆ.

ನಾನು ಸದ್ಯ ‘ಹೊರೆಮಟ್ಟ’ ಎಂದು ಬರೆದುಕೊಂಡಿದ್ದೇನೆ. ಬೆಟ್ಟದಿಂದ ತೋಟಕ್ಕೆ ಸೊಪ್ಪಿನ ಹೊರೆ ತರುವ ಊರಿನವರಿಗೆ ಹೊರೆ ಎಂದರೆ ಏನೆಂದು ಹೇಳಿಕೊಡಬೇಕಿಲ್ಲ. ಹೊರುವವರನ್ನು ಬಿಟ್ಟು ಹೊರೆ ಇಲ್ಲ ಎನ್ನುವುದೂ ನನಗೆ ಹಿಡಿಸಿದೆ. ‘ಭಾರ’ ಎಂದರೆ ಬರೀ ಕಿಲೋ ಲೆಕ್ಕ. ‘ಹೊರೆ’ ಎಂದ ಕೂಡಲೇ ಯಾರಿಗೆ ಎನ್ನುವ ಪ್ರಶ್ನೆ ಬರುತ್ತದೆ. ‘ವೇಗ ಇಳಿದಷ್ಟೂ ಹೊರೆಮಟ್ಟ ಮೇಲೆ’ ಎಂದು ಬರೆದರೆ ವಾಕ್ಯ ಎಡವುವುದಿಲ್ಲ. ಗೆಳೆಯರೊಬ್ಬರು ‘ತಾಕತ್ತಿನ ಪಾಲು’ ಎಂದು ಸೂಚಿಸಿದರು. ಅರ್ಥಕ್ಕೆ ಅದು ಇನ್ನೂ ಹತ್ತಿರ, ಆದರೆ ಪಟ್ಟಿಯ ತಲೆಬರಹಕ್ಕೆ ಉದ್ದವಾಯಿತು.

ಎತ್ತುವವರಿಗೆ ಎಷ್ಟು ಕಷ್ಟ ಅನಿಸಿತು ಎಂದು ಅವರನ್ನೇ ಕೇಳಿ ಬರೆದುಕೊಳ್ಳುವ ಅಂಕಿಯೂ ಒಂದಿದೆ. ಅದಕ್ಕೆ ನಮ್ಮ ಜಿಲ್ಲೆಯ ‘ತ್ರಾಸು’ ಚೆನ್ನಾಗಿ ಒಪ್ಪುತ್ತದೆ. ‘ಇವತ್ತು ಭಾಳ ತ್ರಾಸಾಯ್ತು’ ಎನ್ನುತ್ತೇವಲ್ಲ, ಅದೇ. ಮೈಸೂರು ಕಡೆಯವರಿಗೆ ತಕ್ಕಡಿ ನೆನಪಾಗುತ್ತದೆಯೇ, ತಿಳಿಸಿ.

ಪಠ್ಯಪುಸ್ತಕದ ‘ಜವ’ವನ್ನು (ದಿಕ್ಕಿನ ಲೆಕ್ಕವಿಲ್ಲದ ಸ್ಪೀಡ್) ಕೈಬಿಟ್ಟು ‘ವೇಗ’ವನ್ನೇ ಇಟ್ಟುಕೊಂಡಿದ್ದೇನೆ. ಸರಳು ಹೋಗುವ ದಿಕ್ಕು ಮೇಲಕ್ಕೆ ಎಂದು ಗೊತ್ತೇ ಇದೆ, ಭೌತಶಾಸ್ತ್ರದ ತಕರಾರು ಬರಲಿಕ್ಕಿಲ್ಲ.

ಇನ್ನೊಂದು ಪದಕ್ಕೂ ಸಲಹೆ ಬೇಕು. ಒಂದು ಸೆಟ್‌ನ (ಬಿಡುವಿಲ್ಲದೆ ಒಂದರ ಹಿಂದೊಂದು ಎತ್ತುವ ಸರದಿ) ಮೊದಲ ಸಲ 0.60 ಇದ್ದ ವೇಗ ಸುಸ್ತಾಗುತ್ತ 0.48ಕ್ಕೆ ಬಂತು ಎನ್ನಿ. ಶೇ. 20 ಕಡಿಮೆಯಾಯಿತು, ಅಲ್ಲಿಗೆ ಸೆಟ್ ನಿಲ್ಲಿಸು ಎನ್ನುತ್ತಾರೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶೇ. 20ಕ್ಕೆ ನಿಲ್ಲಿಸಿದವರು, ಶೇ. 40ರವರೆಗೆ ಎಳೆದವರಿಗಿಂತ ಕಡಿಮೆ ಸಲ ಎತ್ತಿದರೂ ಸ್ಕ್ವಾಟ್ ಬಲದಲ್ಲಿ ಹಿಂದೆ ಬೀಳಲಿಲ್ಲ. ಜಿಗಿತ ಅವರದ್ದೇ ಹೆಚ್ಚು ಸುಧಾರಿಸಿತು. ತೊಡೆಯ ಸ್ನಾಯು ದಪ್ಪವಾದದ್ದು ಮಾತ್ರ ಶೇ. 40ರವರಲ್ಲಿ ಹೆಚ್ಚು. ವಾಲಿಬಾಲ್ ಆಡುವವರಿಗೆ ಇದು ತಿಳಿಯಲೇಬೇಕು. ಸೆಟ್‌ನಲ್ಲಿ ವೇಗ ಹೀಗೆ ಕಡಿಮೆಯಾಗುವುದನ್ನು ‘ವೇಗನಷ್ಟ’ ಎಂದರೆ ಏನೋ ಹಾನಿಯಾದಂತೆ ಕೇಳಿಸುತ್ತದೆ. ಎಷ್ಟು ಇಳಿಯಲು ಬಿಡಬೇಕು ಎಂದು ನಾವೇ ಮೊದಲು ತೀರ್ಮಾನಿಸುವ ವಿಷಯ ಇದು. ‘ವೇಗದ ಇಳಿತ’ ಸಾಕಲ್ಲವೇ?

ಕಾರವಾರ, ಅಂಕೋಲಾ, ಭಟ್ಕಳದ ಜಿಮ್‌ಗಳಲ್ಲಿ, ಹಳಿಯಾಳದ ಕುಸ್ತಿಯವರ ನಡುವೆ ಓಡಾಡುವವರು ಇಲ್ಲಿ ಇದ್ದೀರಿ. ‘ಇದು ನನ್ನ ಮಿತಿಗೆ ಹತ್ತಿರದ ಭಾರ’ ಎನ್ನಲು ಅಲ್ಲಿ ಬಾಯಲ್ಲಿ ಬರುವ ಮಾತು ಯಾವುದು? ‘ಹೊರೆಮಟ್ಟ’ಕ್ಕಿಂತ ಸಲೀಸಾದದ್ದು ಇದ್ದರೆ ಅದನ್ನೇ ಅಚ್ಚಿಗೆ ಕೊಡುತ್ತೇನೆ.