ವಿ-ಕ್ರಾಸ್ ಕೊಟ್ಟು ಸನ್‌ರೂಫ್ ತಂದೆ, ಈಗ ವಾಪಸ್ ತಗೊಳ್ಳಲಾ?

ತೋಟದಮನೆ_14

ನನ್ನ ಹತ್ರ 2017ರ ಇಸುಜು ವಿ-ಕ್ರಾಸ್ ಪಿಕಪ್ ಇತ್ತು. 2.5 ಲೀಟರ್ ಡೀಸೆಲ್, ಮ್ಯಾನ್ಯುಯಲ್, ಬಿಳಿ ಬೋರ್ಡ್. ಏಪ್ರಿಲ್‌ನಲ್ಲಿ ಅದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಒಂದು ಸಣ್ಣ ಎಸ್‌ಯುವಿ ತಂದೆ. ಆಟೋಮ್ಯಾಟಿಕ್, ಸನ್‌ರೂಫ್, ಎಲ್ಲಾ ಇದೆ. ತಂದ ದಿನದಿಂದಲೇ ಬೇಜಾರು ಅಂದ್ರೆ ಸುಳ್ಳಾಗುತ್ತದೆ, ಮೊದಲ ಎರಡು ತಿಂಗಳು ಖುಷಿಯಾಗಿಯೇ ಇದ್ದೆ. ಮಳೆ ಹಿಡಿದ ಮೇಲೆ ಶುರುವಾಯಿತು.

ನಮ್ಮ ಮನೆ ಮೇಗರವಳ್ಳಿಯಿಂದ ಒಳಗೆ. ಟಾರು ಮುಗಿದ ಮೇಲೆ ಒಂದೂವರೆ ಕಿಲೋಮೀಟರ್ ಮಣ್ಣು ದಾರಿ, ಕೊನೆಯಲ್ಲಿ ಧರೆ ಪಕ್ಕ ಒಂದು ಏರು. ವಿ-ಕ್ರಾಸ್ ಇದ್ದಾಗ ಅದು ಏರು ಅಂತಲೇ ಅನ್ನಿಸಿರಲಿಲ್ಲ. ನಾಬ್ ತಿರುಗಿಸಿ ನಾಲ್ಕೂ ಚಕ್ರ ಎಳೆಯುವ 4ಎಚ್‌ಗೆ ಹಾಕಿದ್ರೆ ಗೊಬ್ಬರದ ಮೂಟೆ ಸಮೇತ ಎರಡನೇ ಗೇರ್‌ನಲ್ಲಿ ಅಂಗಳಕ್ಕೆ. ಈಗಿನ ಕಾರು ಅರ್ಧ ಏರಿಗೆ ಹೋಗಿ ಮುಂದಿನ ಚಕ್ರ ಸುಮ್ನೆ ತಿರುಗಿಸುತ್ತಾ ನಿಲ್ಲುತ್ತದೆ, ಎದುರಿಗೆ ಒಂದು ಹಳದಿ ದೀಪ ಮಿಣಮಿಣ ಅನ್ನುತ್ತದೆ, ಅಷ್ಟರಲ್ಲಿ ಅಪ್ಪಯ್ಯ ಕೊಡೆ ಹಿಡಿದು ಜಗಲಿಯಿಂದ ಇಳಿದು ಬಂದು ಒಂದು ಮಾತೂ ಆಡದೆ ನೋಡುತ್ತಾ ನಿಲ್ಲುತ್ತಾರೆ. ಬೈದಿದ್ರೆ ಪರವಾಗಿರಲಿಲ್ಲ. ಜುಲೈ ಪೂರ್ತಿ ಕಾರನ್ನು ಟಾರು ಪಕ್ಕದ ಅಂಗಡಿ ಮುಂದೆ ಬಿಟ್ಟು, ಉಂಬಳ ಕಿತ್ತುಕೊಳ್ಳುತ್ತಾ ನಡೆದು ಬಂದಿದ್ದೇನೆ.

ಕೊಟ್ಟಿದ್ದು ಯಾಕೆ ಅಂದ್ರೆ, ಕಾರಣ ಇತ್ತು. 5.3 ಮೀಟರ್ ಉದ್ದದ ಗಾಡಿ, ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಿಲ್ಲಿಸಲು ಜಾಗ ಸಿಗೋದಿಲ್ಲ. ಹಿಂದೆ ಪಟ್ಟಾ ಸ್ಪ್ರಿಂಗು, ಖಾಲಿ ಇದ್ದಾಗ ಎತ್ತಿ ಎತ್ತಿ ಹಾಕುತ್ತದೆ, ಹಿಂದಿನ ಸೀಟಿನಲ್ಲಿ ಕೂತು ಹೆಂಡತಿಗೆ ಸೊಂಟ ನೋವು. ಶೋರೂಮಿನ ಹುಡುಗ ಎಕ್ಸ್‌ಚೇಂಜ್ ಬೋನಸ್ ಎಲ್ಲಾ ಸೇರಿಸಿ 9.25 ಲಕ್ಷ ಅಂತ ತೋರಿಸಿದ. ಕಾಫಿ ಬೇರೆ ಕೊಟ್ಟ. ಕೀ ಕೊಟ್ಟುಬಿಟ್ಟೆ.

ಕಂಪನಿ ಲೆಕ್ಕದಲ್ಲಿ 134 ಬಿಎಚ್‌ಪಿ, 320 ಎನ್‌ಎಂ. ಬೆಂಗಳೂರಲ್ಲಿ ರೀಮ್ಯಾಪ್ ಮಾಡಿಸಿ, ಅಂದ್ರೆ ಎಂಜಿನ್ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸಿ ಶಕ್ತಿ ಹೆಚ್ಚಿಸಿದ ಮೇಲೆ ಎಷ್ಟಾಗಿತ್ತೋ ನಾನು ಅಳೆಸಿಲ್ಲ. ಆದ್ರೆ ಆಗುಂಬೆ ಘಾಟಿಯ 14 ತಿರುವಲ್ಲಿ ಒಂದೊಂದನ್ನೂ ಮುಗಿಸಿ ಕಾಲು ಒತ್ತಿದಾಗ ಒಂದು ಕ್ಷಣ ತಡೆದು, ಆಮೇಲೆ ಟರ್ಬೊ ಸಣ್ಣಗೆ ಶಿಳ್ಳೆ ಹಾಕಿ, ಬೆನ್ನು ಸೀಟಿಗೆ ಒತ್ತುತ್ತಿತ್ತು. ಅದು ನನಗೆ ಅಭ್ಯಾಸ ಆಗಿಹೋಗಿತ್ತು.

ಹೋದ ವಾರ ತೀರ್ಥಹಳ್ಳಿಯ ಪೆಟ್ರೋಲ್ ಬಂಕಲ್ಲಿ ಅದೇ ಗಾಡಿ ನಿಂತಿತ್ತು. ನಂಬರ್ ನೋಡುವ ಮೊದಲೇ ಗೊತ್ತಾಯಿತು. ಹಲಸಿನ ದಿಮ್ಮಿ ಜಾರಿ ಹಿಂದಿನ ಬಾಗಿಲಲ್ಲಿ ಬಿದ್ದ ತಗ್ಗು ಹಾಗೇ ಇದೆ. ಮಗಳು ಹಿಂದಿನ ಗಾಜಿಗೆ ಅಂಟಿಸಿದ್ದ ಚಿಟ್ಟೆಯ ಸ್ಟಿಕರ್‌ನಲ್ಲಿ ಒಂದು ರೆಕ್ಕೆ ಮಾತ್ರ ಉಳಿದಿದೆ. ತುಂಬಾ ಶುಂಠಿ ಮೂಟೆ, ಪಟ್ಟಾ ನೆಟ್ಟಗಾಗಿ ಹೋಗಿದೆ. ಡ್ರೈವರ್ ಹುಡುಗನಿಂದ ನಂಬರ್ ತಗೊಂಡು ಮಾಲೀಕರಿಗೆ ಫೋನ್ ಮಾಡಿದೆ. ಅವರು 11ಕ್ಕೆ ತಗೊಂಡಿದ್ದಂತೆ, 12 ಕೊಟ್ಟರೆ ಬಿಡುತ್ತಾರಂತೆ. 1.3 ಲಕ್ಷ ಕಿಲೋಮೀಟರ್ ಓಡಿದೆ. ನನ್ನದೇ ಗಾಡಿಗೆ ಮೇಲೆ ಇನ್ನೂ 2.75 ಲಕ್ಷ ಕೊಡೋದು ಹುಚ್ಚುತನ ಅಲ್ವಾ? ಮನೆಯಲ್ಲಿ ಇನ್ನೂ ಹೇಳಿಲ್ಲ.

ಕೊಡಚಾದ್ರಿ_ಜೀಪು

ಅಟ್ಟ ಮೇಲೆ ಒಲೆ ಉರೀತು ಮಾರಾಯ್ರೆ. ನೀವು ಏಪ್ರಿಲ್‌ನಲ್ಲಿ ಇಲ್ಲೇ ಒಂದು ಮಾತು ಕೇಳಿದ್ರೆ ನಾವೆಲ್ಲ ಸೇರಿ ಕಾಲು ಹಿಡಿದು ನಿಲ್ಲಿಸುತ್ತಿದ್ದೆವು.

ಹೊಸದು ನೋಡುವುದಾದ್ರೆ ಈಗಿನ ವಿ-ಕ್ರಾಸ್ 1.9 ಲೀಟರ್, 163 ಪಿಎಸ್, ಕಾಗದದಲ್ಲಿ ನಿಮ್ಮದಕ್ಕಿಂತ ಜಾಸ್ತಿನೇ. ಆದ್ರೆ ಅದು ಬಿಎಸ್-6, ಡಿಪಿಎಫ್, ಅಂದ್ರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ದಿನಾ ತೋಟದಿಂದ ಅಂಗಡಿಗೆ ಎರಡೆರಡು ಕಿಲೋಮೀಟರ್ ಓಡಿಸಿದ್ರೆ ಮಸಿ ಕಟ್ಟಿಕೊಂಡು ದೀಪ ಹತ್ತುತ್ತದೆ, ಆಗಾಗ ಒಂದು ಲಾಂಗ್ ಹೊಡೆಯಬೇಕು. ಟೊಯೊಟಾ ಹೈಲಕ್ಸ್ ಪಿಕಪ್ ಬೇಕಾದ್ರೆ 2.8 ಲೀಟರ್, 204 ಪಿಎಸ್, ಆಟೋಮ್ಯಾಟಿಕ್‌ನಲ್ಲಿ 500 ಎನ್‌ಎಂ. ಎಳೆತದಲ್ಲಿ ನಿಮ್ಮ ಹಳೇದು ಅದರ ಹತ್ರ ನಿಲ್ಲೋದಿಲ್ಲ. ಬೆಲೆ ಕೇಳಿದ್ರೆ ಒಂದು ಎಕರೆ ತೋಟ ನೆನಪಾಗುತ್ತದೆ.

ಸಿಗಂದೂರಿಗೆ ಹಿನ್ನೀರು ದಾಟಿಸುತ್ತಿದ್ದ ಲಾಂಚಲ್ಲಿ ಒಮ್ಮೆ ನಿಮ್ಮ ಗಾಡಿ ಹಿಂದೆಯೇ ನನ್ನ ಜೀಪು ಇತ್ತು ಅನ್ನಿಸುತ್ತದೆ, ಒಂದೇ ಗಾಡಿ ಎರಡು ಕಾರಿನ ಜಾಗ ತಿಂದಿದೆ ಅಂತ ಲಾಂಚಿನವರು ಗೊಣಗುತ್ತಿದ್ದರು. 2025ರ ಜುಲೈನಲ್ಲಿ ಸೇತುವೆ ಆದ ಮೇಲೆ ಆ ಬೈಗುಳವೂ ಇಲ್ಲ, ತಗೊಳ್ಳಿ.

ಸಮಾಧಾನಿ

ನಾನು ಬೇಡ ಅನ್ನುತ್ತೇನೆ. ಬಯ್ಯಬೇಡಿ. ನಿಮಗೆ ನೆನಪಿರುವುದು ಘಾಟಿಯ ಶಿಳ್ಳೆ. ಹೆಂಡತಿಗೆ ನೆನಪಿರುವುದು ಸೊಂಟ. ಎರಡೂ ನಿಜವೇ. ಏರು ಹತ್ತಿಸುವುದೇ ಸಮಸ್ಯೆ ಆದ್ರೆ ಆ ಏರಿಗೆ ಎರಡು ಗಾಲಿಯ ಅಗಲಕ್ಕೆ ಕಾಂಕ್ರೀಟ್ ಪಟ್ಟಿ ಹಾಕಿಸಿ, ಚರಂಡಿ ಬಿಡಿಸಿ. ನಮ್ಮಲ್ಲಿ ಹಾಗೇ ಮಾಡಿದ್ದು, ಈಗ ಅತ್ತಿಗೆ ಸ್ಕೂಟಿಯಲ್ಲಿ ಬರುತ್ತಾರೆ. ಉಳಿದ ದುಡ್ಡಲ್ಲಿ ತೋಟಕ್ಕೊಂದು ಹಳೆ ಫೋರ್‌ವೀಲ್ ಜೀಪು ಸಿಗುತ್ತದೆ.

ಸ್ಪ್ಯಾನರ್_ಸಾಗರ

ಕಾಂಕ್ರೀಟು, ಸೊಂಟ ಎಲ್ಲ ನೀವು ಮಾತಾಡಿಕೊಳ್ಳಿ, ನಾನು ಗಾಡಿ ಬಗ್ಗೆ ಹೇಳುತ್ತೇನೆ. ಆರು ತಿಂಗಳು ಶುಂಠಿಗೆ ಹೋದ ಪಿಕಪ್ ಅಂದ್ರೆ ಆರು ತಿಂಗಳು ಕೆಸರಲ್ಲೇ ಇದ್ದದ್ದು. ತೊಳೆಸಿ ತಂದ ಗಾಡಿ ನೋಡಬೇಡಿ, ಕೆಸರು ಇದ್ದಾಗಲೇ ಹೋಗಿ.

ಮೊದಲು ಹಿಂದಿನ ಡಿಫರೆನ್ಷಿಯಲ್‌ನ ಫಿಲ್ಲರ್ ಬೋಲ್ಟ್ ಬಿಚ್ಚಿಸಿ ಬೆರಳು ಹಾಕಿ ನೋಡಿ. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ರೆ ಒಳಗೆ ನೀರು ಹೋಗಿದೆ ಅಂತ ಅರ್ಥ, ಬೇರಿಂಗ್ ಜಾಸ್ತಿ ದಿನ ಬರೋದಿಲ್ಲ. ಮುಂದಿನದೂ ನೋಡಿ. ಆಮೇಲೆ ಟಾರ್ಚ್ ಹಿಡಿದು ಗಾಡಿ ಅಡಿಗೆ ಮಲಗಿ, ಚಾಸಿಸ್ ಒಳಗೆ ಮಣ್ಣು ಕಟ್ಟಿಕೊಂಡ ಕಡೆ ಸ್ಕ್ರೂಡ್ರೈವರ್‌ನಿಂದ ತಟ್ಟಿ. ಠಣ್ ಅಂದ್ರೆ ಸರಿ. ಪದರ ಪದರವಾಗಿ ಉದುರಿದ್ರೆ ಎದ್ದು ಮನೆಗೆ ಬನ್ನಿ. ಪಟ್ಟಾದ ಎಲೆ ಒಂದೊಂದೂ ನೋಡಿ, ಓವರ್‌ಲೋಡಿಗೆ ಬಿರುಕು ಬಿಟ್ಟಿರುತ್ತದೆ.

4ಎಲ್, ಅಂದ್ರೆ ನಾಲ್ಕೂ ಚಕ್ರದ ನಿಧಾನ ಗೇರ್, ಕೆಸರಲ್ಲೇ ಹಾಕಿ ನೋಡಿ, ಒಣ ಟಾರಲ್ಲಿ ಬೇಡ, ಮುಂದಿನ ಹಿಂದಿನ ಚಕ್ರಗಳ ಮಧ್ಯೆ ಡಿಫರೆನ್ಷಿಯಲ್ ಇಲ್ಲದ ಗಾಡಿ ಅದು, ತಿರುವಲ್ಲಿ ಹಿಡಿದುಕೊಳ್ಳುತ್ತದೆ. ರೀಮ್ಯಾಪ್ ಆಗಿದ್ದು ಅಂತೀರಿ, ಲೋಡ್ ಮೇಲೆ ಹತ್ತಿಸುವಾಗ ಹೊಗೆ ಯಾವ ಬಣ್ಣ ನೋಡಿ. ಕ್ಲಚ್ ಜಾರುತ್ತಿದ್ರೆ ಅದರ ಖರ್ಚು ಬೆಲೆಯಲ್ಲಿ ಕಡಿಸಿ.

ಇಷ್ಟೆಲ್ಲ ಸರಿ ಇದ್ರೂ 12 ಜಾಸ್ತಿ. ನಿಮಗೆ ಆಸೆ ಇದೆ ಅಂತ ಅವರಿಗೆ ಗೊತ್ತಾಗಿದೆ. ಯಾರು ನಿಮಗೆ ನೀವೇ ಫೋನ್ ಮಾಡಲು ಹೇಳಿದ್ದು?

ಫೈಲು_ಕೆಎ15

ಎಲ್ಲರೂ ಬೇರೆ ಮಾತಾಡುತ್ತಿದ್ದೀರಿ. ಆರ್‌ಸಿ ವರ್ಗಾವಣೆ ಆಗಿದೆಯಾ? ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಈಗಲೇ ನೋಡಿ. ಎಕ್ಸ್‌ಚೇಂಜ್‌ನಲ್ಲಿ ಮಾಲೀಕರ ಹೆಸರು ಬದಲಿಸುವ ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು, ಗಾಡಿ ಮಾರಿ, ಹೆಸರು ಹಾಗೇ ಬಿಡುವವರು ಬೇಕಾದಷ್ಟು ಜನ. 2023ರ ಏಪ್ರಿಲ್‌ನಿಂದ ಆರ್‌ಟಿಒ ಅನುಮತಿ ಇರುವ ಡೀಲರ್‌ಗೆ ಗಾಡಿ ಒಪ್ಪಿಸುವಾಗ ಆನ್‌ಲೈನ್‌ನಲ್ಲೇ ಫಾರಂ 29ಸಿ ಹಾಕಬಹುದು, ಆಮೇಲಿನ ಹೊಣೆ ಅವರದ್ದು. ನಿಮಗೆ ಅಂಥದ್ದೇನಾದ್ರೂ ಕೊಟ್ಟರಾ? ಕೊಡದಿದ್ರೆ ಯೋಚನೆ ಮಾಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತ ಆದ್ರೆ ಪರಿಹಾರಕ್ಕೆ ಅವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಬಿಳಿ ಬೋರ್ಡಲ್ಲಿ ಬಾಡಿಗೆ ಶುಂಠಿ ಹೊಡೆಯುತ್ತಿದ್ದರೆ ಅದು ಬೇರೆ ತಲೆನೋವು.

ಇನ್ನೊಂದು, ನಿಮ್ಮ ಇನ್ಶೂರೆನ್ಸಿನ ನೋ ಕ್ಲೇಮ್ ಬೋನಸ್ ಹೊಸ ಕಾರಿಗೆ ಹೋಗಿರುತ್ತದೆ. ಹಳೆ ಗಾಡಿ ವಾಪಸ್ ಬಂದ್ರೂ ಬೋನಸ್ ಸೊನ್ನೆಯಿಂದ ಶುರು, ಪ್ರೀಮಿಯಂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ತೋಟದಮನೆ_14

ಈಗ ತಾನೇ ನೋಡಿದೆ. ಮಾಲೀಕರ ಹೆಸರು ಪೂರ್ತಿ ತೋರಿಸೋದಿಲ್ಲ, ಆದ್ರೆ ನಡುನಡುವೆ ಕಾಣುವ ಅಕ್ಷರ ನನ್ನವೇ. ಆಗಸ್ಟ್‌ನಲ್ಲಿ ಸ್ಪೀಡಿಂಗ್ ದಂಡ ಅಂತ ಮೊಬೈಲಿಗೆ ಒಂದು ಮೆಸೇಜ್ ಬಂದಿತ್ತು, ಮೋಸದ್ದು ಅಂದ್ಕೊಂಡು ಅಳಿಸಿಹಾಕಿದ್ದೆ. 29ಸಿ ಅಂತ ನನಗೆ ಯಾರೂ ಏನೂ ಕೊಟ್ಟಿಲ್ಲ. ಗಾಡಿ ಕೊಟ್ಟಿದ್ದಕ್ಕೆ ಒಂದು ಕೈಬರಹದ ಚೀಟಿ ಇದೆ, ಪುಣ್ಯಕ್ಕೆ ತಾರೀಕು ಇದೆ.

ಶುಂಠಿಯವರಿಗೆ ಮತ್ತೆ ಫೋನ್ ಮಾಡಿದೆ. ಅವರಿಗೂ ಗೊತ್ತು, ಆರು ತಿಂಗಳಿಂದ ಶೋರೂಮಿಗೆ ಅಲೆಯುತ್ತಿದ್ದಾರಂತೆ, ನಾನು ಸಹಿ ಹಾಕಲು ಬರುತ್ತಿಲ್ಲ ಅಂತ ಅವರಿಗೆ ಹೇಳಿ ಕಳಿಸಿದ್ದಾರಂತೆ! ನನ್ನನ್ನು ಯಾರೂ ಕರೆದೇ ಇಲ್ಲ ಅಂತ ಹೇಳಿದ ಮೇಲೆ ಸ್ವಲ್ಪ ಮೆತ್ತಗಾದರು. 10.5 ಆದ್ರೆ ನೋಡೋಣ ಅಂತ ಇಬ್ಬರೂ ಮಾತಾಡಿದ್ದೇವೆ. ಕೊಂಡರೂ ಬಿಟ್ಟರೂ ಸೋಮವಾರ ಇಬ್ಬರೂ ಆರ್‌ಟಿಒಗೆ ಹೋಗುವುದು ಅಂತ ಆಗಿದೆ.

ಸ್ಪ್ಯಾನರ್ ಅವರೇ, ಭಾನುವಾರ ಬೆಳಿಗ್ಗೆ ನೀವು ಬಿಡುವಿದ್ದೀರಾ? ಟಾರ್ಚ್ ನಾನು ತರುತ್ತೇನೆ. ಮನೆಯಲ್ಲಿ ರಾತ್ರಿ ಹೇಳಿದೆ. ಹೆಂಡತಿ ಹಿಂದಿನ ಸೀಟಿಗೆ ಯಾರು ಕೂರ್ತಾರೆ ಅಂತ ಮಾತ್ರ ಕೇಳಿದಳು. ಅಪ್ಪಯ್ಯ ಪೇಪರ್ ಓದುತ್ತಿದ್ದವರು ತಲೆ ಎತ್ತದೆ, ನಾನು ಕೂರ್ತೇನೆ ಅಂದರು.