ಮಕ್ಕಳನ್ನು ‘ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು’ ಎಂದು ವಿಂಗಡಿಸಿ ದಾಖಲಿಸುವುದು ಸರಿಯೇ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಶಿಡ್ಲಘಟ್ಟ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು ಮತ್ತು ಏಳನೇ ತರಗತಿಗಳಿಗೆ ವಿಜ್ಞಾನವನ್ನು ಬೋಧಿಸುತ್ತೇನೆ. ಕೆಲವು ತಿಂಗಳ ಹಿಂದೆ ಒಂದು ತರಬೇತಿಯಲ್ಲಿ ನಮಗೆ 16 ಪ್ರಶ್ನೆಗಳ ಪಟ್ಟಿಯೊಂದನ್ನು ಕೊಟ್ಟರು. ಮಕ್ಕಳಿಂದ ಅದಕ್ಕೆ ಉತ್ತರ ಪಡೆದು, ಪ್ರತಿ ಮಗುವಿನ ಕಲಿಕಾ ಶೈಲಿ ಯಾವುದೆಂದು ಗುರುತಿಸಿ, ಆ ಶೈಲಿಗೆ ತಕ್ಕಂತೆ ಪಾಠ ಮಾಡಬೇಕೆಂದು ತಿಳಿಸಿದರು. ನಾನು ಶ್ರದ್ಧೆಯಿಂದಲೇ ಆ ಕೆಲಸವನ್ನು ಮಾಡಿ, ಏಳನೇ ತರಗತಿಯ ಮಕ್ಕಳ ಹೆಸರಿನ ಮುಂದೆ ಒಂದು ಹೊಸ ಕಲಂ ಹಾಕಿ, ಅವರವರ ಶೈಲಿಯನ್ನು ಬರೆದಿಟ್ಟೆ.

ಅವರಲ್ಲಿ ಒಬ್ಬ ಹುಡುಗನ ವಿಷಯ ನನ್ನನ್ನು ಕಾಡುತ್ತಿದೆ. ಅವನ ಮನೆಮಾತು ತೆಲುಗು. ಮನೆಯಲ್ಲಿ ರೇಷ್ಮೆ ಸಾಕಣೆ ಇದೆ. ಪಟ್ಟಿಯ ಪ್ರಕಾರ ಅವನು ‘ಮಾಡಿ ಕಲಿಯುವವನು’. ಕಿರುಪರೀಕ್ಷೆಯಲ್ಲಿ ‘ರೇಷ್ಮೆ ಹುಳುವಿನ ಜೀವನಚಕ್ರದ ಹಂತಗಳನ್ನು ವಿವರಿಸಿ’ ಎಂಬ ಪ್ರಶ್ನೆಗೆ ಎರಡೇ ಸಾಲು ಬರೆದು 5ಕ್ಕೆ 1 ಅಂಕ ಪಡೆದ. ಅದೇ ವಾರ ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದೆಂದೂ, ನಾಲ್ಕನೇ ಜ್ವರದಿಂದ ಎದ್ದ ಮೇಲೆ ಎಷ್ಟು ಸೊಪ್ಪು ತಂದರೂ ಸಾಲದೆಂದೂ, ಹುಳು ಹಣ್ಣಾದರೆ (ಗೂಡು ಕಟ್ಟಲು ಸಿದ್ಧವಾದರೆ) ಮೈ ಹೇಗೆ ಹೊಳೆಯುತ್ತದೆ, ಆಗ ಅದನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟಿಗೆ, ಬಿಡಲು ತಡಮಾಡಿದರೆ ಏನಾಗುತ್ತದೆ ಎಂದೂ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ನನಗೇ ಪಾಠ ಹೇಳಿದ. ಹಾಗಾದರೆ ಬರೆಯಲು ಏಕೆ ಆಗಲಿಲ್ಲ ಎಂದು ಕೇಳಿದ್ದಕ್ಕೆ, ‘ಮಿಸ್, ನಾನು ಮಾಡಿ ಕಲಿಯೋನಲ್ವಾ, ಓದೋದು ಬರೆಯೋದು ನನಗಲ್ಲ’ ಎಂದ. ಆ ಮಾತನ್ನು ಅವನ ಬಾಯಿಗೆ ಕೊಟ್ಟವಳು ನಾನೇ ಎಂಬುದು ನನಗೆ ಅಂದಿನಿಂದ ಸಂಕಟವನ್ನುಂಟುಮಾಡಿದೆ.

ಕಲಿಕಾ ಶೈಲಿಯ ಸಿದ್ಧಾಂತಕ್ಕೆ ಗಟ್ಟಿಯಾದ ಆಧಾರವಿದೆಯೇ? ಇಂತಹ ಮಗುವಿನ ತಿಳಿವಳಿಕೆಯನ್ನು ನಾನು ಹೇಗೆ ಅಳೆಯಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಬಿ.ಎಡ್. ಉಪನ್ಯಾಸಕ, ತುಮಕೂರು

ನಿಮ್ಮ ಪ್ರಶ್ನೆ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ನಾನು ಪ್ರತಿವರ್ಷ ಕೇಳುವ ಪ್ರಶ್ನೆಗಿಂತ ಎಷ್ಟೋ ಮೇಲು, ಏಕೆಂದರೆ ಅದರಲ್ಲಿ ಒಬ್ಬ ನಿಜವಾದ ಹುಡುಗನಿದ್ದಾನೆ. ಮೊದಲು ಸಿದ್ಧಾಂತದ ವಿಷಯ. ನಿಮಗೆ ಕೊಟ್ಟ ಪಟ್ಟಿ ಬಹುಶಃ ಕಲಿಕಾ ಶೈಲಿಯನ್ನು ಗುರುತಿಸುವ ‘ವಾರ್ಕ್’ ಮಾದರಿಯದು. ಅದನ್ನು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಅವರು ಕಾಲೀನ್ ಮಿಲ್ಸ್ ಅವರೊಂದಿಗೆ 1992ರಲ್ಲಿ ಮಂಡಿಸಿದರು. ಆ ಪ್ರಶ್ನೆಗಳು ಅಳೆಯುವುದು ಮಗುವಿಗೆ ಯಾವ ಬಗೆಯಲ್ಲಿ ವಿಷಯ ದೊರೆತರೆ ಇಷ್ಟ ಎಂಬುದನ್ನು ಮಾತ್ರ. ಇಷ್ಟವಾದ ಬಗೆಯಲ್ಲೇ ಕಲಿಸಿದರೆ ಹೆಚ್ಚು ಕಲಿಯುತ್ತದೆ ಎಂಬುದು ಬೇರೆಯೇ ಒಂದು ವಾದ, ಮತ್ತು ಅದನ್ನು ಪ್ರತ್ಯೇಕವಾಗಿ ಸಾಬೀತುಪಡಿಸಬೇಕು.

ಸಾಬೀತುಪಡಿಸುವುದು ಹೇಗೆ ಎಂಬುದನ್ನು ಹೆರಾಲ್ಡ್ ಪ್ಯಾಷ್ಲರ್ ಮತ್ತು ಅವರ ಮೂವರು ಸಹೋದ್ಯೋಗಿಗಳು 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಬಹಳ ಸ್ಪಷ್ಟವಾಗಿ ಹೇಳಿದ್ದಾರೆ. ಮಕ್ಕಳನ್ನು ಶೈಲಿಯ ಪ್ರಕಾರ ಗುಂಪು ಮಾಡಬೇಕು. ಪ್ರತಿ ಗುಂಪಿನಲ್ಲೂ ಅರ್ಧದಷ್ಟು ಮಕ್ಕಳಿಗೆ ಚಿತ್ರದ ಮೂಲಕ, ಉಳಿದರ್ಧಕ್ಕೆ ಮಾತಿನ ಮೂಲಕ, ಚೀಟಿ ಎತ್ತಿದಂತೆ ಹಂಚಿ ಪಾಠ ಮಾಡಬೇಕು. ಕೊನೆಯಲ್ಲಿ ಎಲ್ಲರಿಗೂ ಒಂದೇ ಪರೀಕ್ಷೆ ಕೊಡಬೇಕು. ನೋಡಿ ಕಲಿಯುವವರಿಗೆ ಚಿತ್ರದ ಪಾಠದಿಂದಲೂ ಕೇಳಿ ಕಲಿಯುವವರಿಗೆ ಮಾತಿನ ಪಾಠದಿಂದಲೂ ಹೆಚ್ಚು ಲಾಭವಾದರೆ ಮಾತ್ರ ಸಿದ್ಧಾಂತ ನಿಲ್ಲುತ್ತದೆ. ಅವರು ಹುಡುಕಿದಾಗ ಈ ಕ್ರಮದಲ್ಲಿ ನಡೆದ ಅಧ್ಯಯನಗಳೇ ಬಹಳ ವಿರಳವಾಗಿದ್ದವು. ಸರಿಯಾದ ಕ್ರಮದಲ್ಲಿ ನಡೆದವುಗಳಲ್ಲಿ ಹಲವು ಸಿದ್ಧಾಂತಕ್ಕೆ ವಿರುದ್ಧವಾದ ಫಲವನ್ನೇ ತೋರಿಸಿದ್ದವು. ಅದಕ್ಕೂ ಮೊದಲು, 2004ರಲ್ಲಿ, ಬ್ರಿಟನ್ನಿನ ಫ್ರಾಂಕ್ ಕಾಫೀಲ್ಡ್ ಮತ್ತು ಸಂಗಡಿಗರು ಇಂತಹ 71 ಬೇರೆಬೇರೆ ಮಾದರಿಗಳನ್ನು ಲೆಕ್ಕಹಾಕಿದ್ದರು. ಒಂದೇ ಮಗುವನ್ನು 71 ಬಗೆಯಲ್ಲಿ ವಿಂಗಡಿಸಬಹುದಾದರೆ ಆ ವಿಂಗಡಣೆಯ ಬೆಲೆಯೇನು ಎಂದು ಯೋಚಿಸಬೇಕಾಗುತ್ತದೆ. ಹೋವರ್ಡ್ ಗಾರ್ಡ್ನರ್ ಅವರ 1983ರ ಬಹುಮುಖ ಬುದ್ಧಿಮತ್ತೆಯ (ಬುದ್ಧಿ ಒಂದೇ ಅಲ್ಲ, ಹಲವು ಬಗೆಯದು ಎನ್ನುವ) ಸಿದ್ಧಾಂತವನ್ನೂ ಇದರ ಜೊತೆಗೆ ಬೆರೆಸಿ ಹೇಳುವುದುಂಟು. ಅವೆರಡೂ ಒಂದೇ ಅಲ್ಲವೆಂದು ಗಾರ್ಡ್ನರ್ ಅವರೇ ಹೇಳಿದ್ದಾರೆ.

ನಿಮ್ಮ ಹುಡುಗನ ವಿಷಯದಲ್ಲಿ ನನಗೆ ಕಾಣುವುದು ಶೈಲಿಯಲ್ಲ, ಪೂರ್ವಜ್ಞಾನ ಮತ್ತು ಭಾಷೆ. ಕಲಿಕೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಪ್ರಭಾವ ಬೀರುವುದು ಕಲಿಯುವವನಿಗೆ ಈಗಾಗಲೇ ಏನು ತಿಳಿದಿದೆಯೋ ಅದೇ ಎಂದು ಡೇವಿಡ್ ಆಸುಬೆಲ್ 1968ರಲ್ಲಿ ಬರೆದರು. ಅವನಿಗೆ ‘ಜ್ವರ’ ಗೊತ್ತು. ನಿಮ್ಮ ಪುಸ್ತಕದ ‘ಪೊರೆ ಕಳಚುವಿಕೆ’ ಗೊತ್ತಿಲ್ಲ. ಎರಡೂ ಒಂದೇ ಎಂದು ಅವನಿಗೆ ಯಾರೂ ಹೇಳಿಲ್ಲ. ನನ್ನದೊಂದು ಸಲಹೆ: ಅವನಿಗೆ ತಿಳಿದಿರುವುದರ ಅಂಚು ಎಲ್ಲಿದೆ ಎಂಬುದನ್ನು ಕೇಳಿ ನೋಡಿ. ಹುಳು ಮನೆಗೆ ಬರುವುದಕ್ಕೆ ಮೊದಲು ಏನಾಗಿತ್ತು, ಗೂಡು ಮಾರಿದ ಮೇಲೆ ಏನಾಗುತ್ತದೆ ಎಂದು ವಿಚಾರಿಸಿ.

ಉತ್ತರ: ನಲಿ-ಕಲಿ ಶಿಕ್ಷಕಿ, ಪಾವಗಡ ತಾಲ್ಲೂಕು

ಮೇಲಿನ ಉತ್ತರಕ್ಕೆ ನಮ್ಮ ಕೆಳಗಿನ ತರಗತಿಗಳ ಅನುಭವವನ್ನು ಸೇರಿಸಲು ಬಯಸುತ್ತೇನೆ. ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ನಮ್ಮ ಗಡಿಯಾಚೆ ಆಂಧ್ರಪ್ರದೇಶದಲ್ಲಿರುವ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರಿಂದ ಆರಂಭವಾಯಿತು. ಅಲ್ಲಿಯೂ ಮಕ್ಕಳನ್ನು ಗುಂಪು ಮಾಡುತ್ತೇವೆ. ಆದರೆ ಆ ಗುಂಪುಗಳ ಆಧಾರವೇ ಬೇರೆ. ಒಂದೊಂದು ಗುಂಪು ಕೂರುವ ಜಾಗವನ್ನು ‘ತಟ್ಟೆ’ ಎನ್ನುತ್ತೇವೆ. ಪೂರ್ತಿ ಶಿಕ್ಷಕರ ನೆರವು ಬೇಕಾದ ಮಕ್ಕಳು ಒಂದು ತಟ್ಟೆಯಲ್ಲಿ, ಸ್ವಲ್ಪ ನೆರವು ಸಾಕಾದವರು ಇನ್ನೊಂದರಲ್ಲಿ, ಸಹಪಾಠಿಗಳ ನೆರವಿನಿಂದ ಮಾಡುವವರು ಮತ್ತೊಂದರಲ್ಲಿ, ತಾವೇ ಮಾಡಬಲ್ಲವರು ಕೊನೆಯ ತಟ್ಟೆಯಲ್ಲಿ ಕೂರುತ್ತಾರೆ. ಇಂದು ನನ್ನ ಪಕ್ಕದಲ್ಲಿ ಕೂತ ಮಗು ಕಲಿಕಾ ಏಣಿಯ ಒಂದು ಮೆಟ್ಟಿಲು ಹತ್ತಿದ ಕೂಡಲೇ ತನ್ನ ಕಾರ್ಡನ್ನು ಎತ್ತಿಕೊಂಡು ಬೇರೆ ತಟ್ಟೆಗೆ ಹೋಗುತ್ತದೆ. ನೆರವಿನಿಂದ ಇಂದು ಮಾಡಬಲ್ಲದ್ದನ್ನು ನಾಳೆ ಮಗು ತಾನಾಗಿ ಮಾಡುತ್ತದೆ ಎಂಬ ಮನೋವಿಜ್ಞಾನಿ ವೈಗೋಟ್‌ಸ್ಕಿಯವರ ಮಾತು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ಈ ತಟ್ಟೆಗಳಿಂದ.

ಯಾವ ಮಗುವೂ ಅಲ್ಲಿ ‘ನಾನು ಎರಡನೇ ತಟ್ಟೆಯವನು’ ಎಂದು ವರ್ಷವಿಡೀ ಹೇಳಿಕೊಳ್ಳುವುದಿಲ್ಲ. ನಿಮ್ಮ ಕಲಂನಲ್ಲಿ ಬರೆದ ಪದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಅದು ಮಗು ಎಂಥದು ಎಂದು ಹೇಳುತ್ತದೆ, ಇದು ಮಗು ಇಂದು ಎಲ್ಲಿದೆ ಎಂದು ಹೇಳುತ್ತದೆ. ನಾನಾಗಿದ್ದರೆ ಆ ಕಲಂ ಅನ್ನು ಅಳಿಸುತ್ತಿರಲಿಲ್ಲ, ತಲೆಬರಹವನ್ನು ಮಾತ್ರ ಬದಲಾಯಿಸುತ್ತಿದ್ದೆ.

ಉತ್ತರ: ಪ್ರೌಢಶಾಲಾ ಶಿಕ್ಷಕ, ಮುಳಬಾಗಿಲು

ಶೈಲಿಯ ವಿಷಯದಲ್ಲಿ ನೀವೆಲ್ಲ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಒಂದು ಆತಂಕವನ್ನು ಮುಂದಿಡದೆ ಇರಲಾರೆ. ನಮ್ಮ ಕಡೆಯೂ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಮಾತು ತೆಲುಗು. ಬಾಯಿಮಾತಿನಲ್ಲಿ ಚೆನ್ನಾಗಿ ಹೇಳುತ್ತಾರೆಂದು ಕೆಳಗಿನ ತರಗತಿಗಳಲ್ಲಿ ಅಂಕ ಕೊಟ್ಟು ಕಳುಹಿಸಿದ ಮಕ್ಕಳು ಹತ್ತನೇ ತರಗತಿಗೆ ನನ್ನ ಬಳಿ ಬರುತ್ತಾರೆ. ಎಸ್.ಎಸ್.ಎಲ್.ಸಿ.ಯಲ್ಲಿ ವಿಜ್ಞಾನದ 100 ಅಂಕಗಳಲ್ಲಿ 20 ಮಾತ್ರ ಆಂತರಿಕ. ಉಳಿದ 80ನ್ನು ಮಗು ಒಬ್ಬಂಟಿಯಾಗಿ ಕೂತು ಬರೆದೇ ಗಳಿಸಬೇಕು. ಅಲ್ಲಿ ಅವನ ಊಟದ ಹೊತ್ತಿನ ಮಾತನ್ನು ಕೇಳುವವರು ಯಾರೂ ಇರುವುದಿಲ್ಲ. ಪರೀಕ್ಷೆಯನ್ನು ಮೆದುಗೊಳಿಸುವುದು ಮಗುವಿನ ಮೇಲಿನ ಪ್ರೀತಿಯಂತೆ ಕಂಡರೂ ಮೂರು ವರ್ಷಗಳ ನಂತರ ಅದರ ಬೆಲೆಯನ್ನು ತೆರುವವನು ಅವನೇ. ಆದ್ದರಿಂದ ಮೌಖಿಕ ಉತ್ತರಕ್ಕೆ ಅಂಕ ಕೊಡುವ ಮೊದಲು ದಯವಿಟ್ಟು ಯೋಚಿಸಿ.

ಉತ್ತರ: ಬಿ.ಎಡ್. ಉಪನ್ಯಾಸಕ, ತುಮಕೂರು

ಮುಳಬಾಗಿಲಿನ ಮಿತ್ರರ ಆತಂಕ ನ್ಯಾಯವಾದದ್ದು. ಆದರೆ ಇಲ್ಲಿ ಎರಡು ಬೇರೆ ಕೆಲಸಗಳು ಒಂದೇ ಹೆಸರಿನಲ್ಲಿ ಬೆರೆತುಹೋಗಿವೆ. ಮಗುವಿಗೆ ಏನು ತಿಳಿದಿದೆ ಎಂದು ಕಂಡುಕೊಂಡು ನಾಳೆಯ ಪಾಠವನ್ನು ತಿದ್ದಿಕೊಳ್ಳುವುದು ಒಂದು. ಕಲಿಕೆ ಮುಗಿದ ಮೇಲೆ ಎಷ್ಟು ಬಂದಿದೆ ಎಂದು ತೀರ್ಮಾನಿಸುವುದು ಇನ್ನೊಂದು. ಮೈಕೆಲ್ ಸ್ಕ್ರಿವನ್ 1967ರಲ್ಲಿ ಈ ಭೇದವನ್ನು ಹೆಸರಿಸಿದರು. ಮೊದಲನೆಯದನ್ನು ನಾವು ರೂಪಣಾತ್ಮಕ (ಎಫ್.ಎ.), ಎರಡನೆಯದನ್ನು ಸಂಕಲನಾತ್ಮಕ (ಎಸ್.ಎ.) ಮೌಲ್ಯಮಾಪನ ಎಂದು ಕರೆಯುತ್ತೇವೆ. ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಹೇಳುವಾಗ ಮಗುವಿನ ತಿಳಿವಳಿಕೆಯನ್ನೂ ಅದನ್ನು ಅನ್ವಯಿಸುವ ಸಾಮರ್ಥ್ಯವನ್ನೂ ಉದ್ದೇಶಿಸುತ್ತದೆ. ನಮ್ಮ ಶಾಲೆಗಳಲ್ಲಿ ಎಫ್.ಎ. ಎಂದರೆ ವರ್ಷಕ್ಕೆ ನಾಲ್ಕು ಸಣ್ಣ ಎಸ್.ಎ.ಗಳು ಎಂಬಂತಾಗಿರುವುದೇ ನೋವಿನ ಸಂಗತಿ. ಅಂಕವನ್ನು ತುಂಬಿಸಿ ಮುಗಿಸಿದ ರೂಪಣಾತ್ಮಕ ಮೌಲ್ಯಮಾಪನ ಯಾವ ಪಾಠವನ್ನೂ ರೂಪಿಸುವುದಿಲ್ಲ.

ರೂತ್ ಬಟ್ಲರ್ ಅವರು 1988ರಲ್ಲಿ ಇಸ್ರೇಲಿನ ಶಾಲಾಮಕ್ಕಳ ಮೇಲೆ ನಡೆಸಿದ ಅಧ್ಯಯನವನ್ನು ನಾನು ತರಗತಿಯಲ್ಲಿ ಮತ್ತೆಮತ್ತೆ ಹೇಳುತ್ತೇನೆ. ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಉಳಿದವರಿಗೆ ಎರಡನ್ನೂ ಕೊಟ್ಟರು. ಟಿಪ್ಪಣಿ ಮಾತ್ರ ಪಡೆದ ಮಕ್ಕಳ ಸಾಧನೆಯೂ ಆಸಕ್ತಿಯೂ ಉತ್ತಮಗೊಂಡವು. ಅಂಕದ ಜೊತೆಗೆ ಟಿಪ್ಪಣಿ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಅಂಕವನ್ನು ಕಂಡ ಕಣ್ಣು ಟಿಪ್ಪಣಿಯನ್ನು ಓದುವ ಗೋಜಿಗೆ ಹೋಗುವುದಿಲ್ಲ ಎಂದು ನನಗೆ ತೋರುತ್ತದೆ. ಆದ್ದರಿಂದ ಶಿಡ್ಲಘಟ್ಟದ ಸೋದರಿ ಮೌಖಿಕ ಉತ್ತರಕ್ಕೆ ಅಂಕವನ್ನೇ ಕೊಡಬೇಕಾಗಿಲ್ಲ. ಅದರಿಂದ ಬರವಣಿಗೆಯ ದಾರಿಯನ್ನು ಕಂಡುಕೊಂಡರೆ ಸಾಕು.

ಬರವಣಿಗೆಯ ಅಭ್ಯಾಸಕ್ಕೂ ಒಂದು ಮಾತು. ಓದಿದ್ದನ್ನು ಮತ್ತೆಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುವುದು ಹೆಚ್ಚು ಕಾಲ ನಿಲ್ಲುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದಂತೆ, ಐದು ನಿಮಿಷದ ನಂತರ ಕೇಳಿದರೆ ಮರಳಿ ಓದಿದವರೇ ಮುಂದಿದ್ದರು; ಒಂದು ವಾರದ ನಂತರ ಕೇಳಿದಾಗ, ನಾಲ್ಕು ಬಾರಿ ಓದಿದವರು ಸುಮಾರು 40 ಪ್ರತಿಶತ ನೆನಪಿಟ್ಟಿದ್ದರೆ, ಒಮ್ಮೆ ಓದಿ ಮೂರು ಬಾರಿ ನೆನಪಿಸಿಕೊಂಡವರು 61 ಪ್ರತಿಶತ ನೆನಪಿಟ್ಟಿದ್ದರು. ಪಾಠದ ಆರಂಭದಲ್ಲಿ ಕಳೆದ ವಾರದ ಒಂದು ಪ್ರಶ್ನೆ, ಅಂಕವಿಲ್ಲದೆ, ಮೂರೇ ಸಾಲಿನ ಉತ್ತರ. ಅವರು ನೋಡಿ ಕಲಿಯುವವರೇ ಮಾಡಿ ಕಲಿಯುವವರೇ ಎಂದು ಕೇಳದೆ ಎಲ್ಲ ಮಕ್ಕಳಿಂದಲೂ ಇದನ್ನು ಮಾಡಿಸಬಹುದು.

ಪ್ರಶ್ನೆ ಕೇಳಿದವರಿಂದ: ಎರಡು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ತುಮಕೂರಿನ ಸರ್ ಹೇಳಿದಂತೆ ಅವನ ತಿಳಿವಳಿಕೆಯ ಅಂಚನ್ನು ಹುಡುಕಿದೆ, ಮತ್ತು ನಾನು ನಿರೀಕ್ಷಿಸದೇ ಇದ್ದದ್ದು ಸಿಕ್ಕಿತು. ಅವರ ಮನೆಗೆ ಹುಳು ಬರುವುದು ಮರಿಹುಳುಗಳನ್ನು ಸಾಕಿ ಕೊಡುವ ಚಾಕಿ ಕೇಂದ್ರದಿಂದ, ಎರಡನೇ ಜ್ವರ ಮುಗಿದ ಮೇಲೆ. ಗೂಡು ಕಟ್ಟಿದ ಕೆಲವೇ ದಿನಗಳಲ್ಲಿ ಅವನ ತಂದೆ ಅದನ್ನು ಮಾರುಕಟ್ಟೆಗೆ ಒಯ್ಯುತ್ತಾರೆ. ಹೀಗಾಗಿ ಅವನು ಮೊಟ್ಟೆಯನ್ನು ಕಂಡಿಲ್ಲ. ಗೂಡು ಸೀಳಿ ಹೊರಬರುವ ಚಿಟ್ಟೆಯನ್ನೂ ಕಂಡಿಲ್ಲ. ಗೂಡಿನೊಳಗಿನ ಕೋಶದಿಂದ (ಪ್ಯೂಪಾದಿಂದ) ಮುಂದೆ ಏನಾದರೂ ಆಗುತ್ತದೆ ಎಂಬುದೇ ಅವನಿಗೆ ಹೊಸ ಸಂಗತಿ. ಚಕ್ರದ ನಡುಭಾಗವನ್ನು ಪುಸ್ತಕಕ್ಕಿಂತ ಚೆನ್ನಾಗಿ ತಿಳಿದ ಹುಡುಗ ಅದರ ಎರಡು ತುದಿಗಳನ್ನೂ ತಿಳಿದಿರಲಿಲ್ಲ. ನಾನು ಕೊಟ್ಟ 1 ಅಂಕವಾಗಲಿ, ಬರೆದಿಟ್ಟ ಶೈಲಿಯ ಹೆಸರಾಗಲಿ ನನಗೆ ಇದನ್ನು ಹೇಳಿರಲಿಲ್ಲ. ಊಟದ ಹೊತ್ತಿನ ಅವನ ಮಾತಿಗೆ ಮಾರುಹೋಗಿ ನಾನು ಪೂರ್ತಿ ಅಂಕ ಕೊಟ್ಟಿದ್ದರೂ ತಪ್ಪೇ ಆಗುತ್ತಿತ್ತು.

ಕಪ್ಪುಹಲಗೆಯ ಮೇಲೆ ಒಂದು ದೊಡ್ಡ ವೃತ್ತ ಬರೆದು, ನಡುವಿನ ಹಂತಗಳನ್ನು ಅವನಿಂದಲೇ ಅವನ ಮಾತುಗಳಲ್ಲಿ ಬರೆಸಿದೆ. ‘ಜ್ವರ’ದ ಪಕ್ಕದಲ್ಲಿ ಇನ್ನೊಬ್ಬ ಹುಡುಗಿ ‘ಪೊರೆ ಕಳಚುವಿಕೆ’ ಎಂದು ಬರೆದಳು. ಜ್ವರವೆಂದರೆ ಹುಳುವಿಗೆ ಮೈ ಸುಡುವುದೆಂದೇ ಅವನು ಇಷ್ಟು ದಿನ ನಂಬಿದ್ದನಂತೆ. ಚರ್ಮ ಬದಲಾಗುವುದಕ್ಕಾಗಿ ಅದು ಉಣ್ಣದೆ ಕೂರುತ್ತದೆಂದು ತಿಳಿದಾಗ ಬಹಳ ಹೊತ್ತು ಸುಮ್ಮನಿದ್ದು, ‘ಅದಕ್ಕೇ ತಟ್ಟೆಯಲ್ಲಿ ಸಿಪ್ಪೆ ಇರುತ್ತೆ’ ಎಂದ. ಮುಳಬಾಗಿಲಿನ ಸರ್ ಅವರ ಎಚ್ಚರಿಕೆಯನ್ನು ಮರೆತಿಲ್ಲ. ಮಾರನೆಯ ವಾರ ಪುಸ್ತಕ ಮುಚ್ಚಿಸಿ ಅದೇ ಪ್ರಶ್ನೆಗೆ ಉತ್ತರ ಬರೆಸಿದೆ. ಅವನು ಏಳು ಸಾಲು ಬರೆದಿದ್ದಾನೆ. ಒತ್ತಕ್ಷರಗಳು ತಪ್ಪಿವೆ, ಎರಡು ಕಡೆ ತೆಲುಗು ಪದಗಳಿವೆ, ಹಂತಗಳ ಕ್ರಮ ಸರಿಯಾಗಿದೆ. ನಾನು ಅಂಕ ಹಾಕದೆ, ಚಿಟ್ಟೆಯ ನಂತರ ಏನಾಗುತ್ತದೆ ಎಂಬುದನ್ನು ಸೇರಿಸು ಎಂದಷ್ಟೇ ಬರೆದು ಹಿಂದಿರುಗಿಸಿದ್ದೇನೆ.

ಕಲಂನ ತಲೆಬರಹವನ್ನು ‘ಈಗ ತಿಳಿದಿರುವುದು, ಮುಂದೆ ಕೇಳಬೇಕಾದದ್ದು’ ಎಂದು ತಿದ್ದಿದ್ದೇನೆ. ಉಳಿದ ಮಕ್ಕಳ ಸಾಲುಗಳು ಇನ್ನೂ ಖಾಲಿಯಾಗಿವೆ. ದಿನಕ್ಕೆ ಇಬ್ಬರಂತೆ ಮಾತನಾಡಿಸಿ ತುಂಬಿಸುತ್ತಿದ್ದೇನೆ.